ಜಾವಳಿ ಇಳಿಜಾರಿನ ಇಪ್ಪತ್ತು ಗುಂಟೆ

1998ರಲ್ಲಿ ನಾನು ಮೂಡಿಗೆರೆ ತಾಲ್ಲೂಕಿನಲ್ಲಿ ಸರ್ವೆಯರ್ ಆಗಿದ್ದೆ. ಜಮೀನು ಮಾರುವವರು, ಪಾಲು ಮಾಡಿಕೊಳ್ಳುವವರು, ಬೇಲಿ ಜಗಳಕ್ಕೆ ಬಿದ್ದವರು ಅರ್ಜಿ ಕೊಟ್ಟರೆ ಹೋಗಿ ಅಳೆದು ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಆಗಲೂ ನಮ್ಮ ಮುಖ್ಯ ಸಾಧನ ಕಬ್ಬಿಣದ ಸರಪಳಿಯೇ. ಮೂವತ್ತಮೂರು ಅಡಿ ಉದ್ದ. ಉದ್ದಕ್ಕೊಂದು ಸಲ, ಅಗಲಕ್ಕೊಂದು ಸಲ ಹಿಡಿದರೆ ಒಂದು ಗುಂಟೆ. ಹದಿನಾಲ್ಕು ವರ್ಷ ಅದನ್ನೇ ಎಳೆದಾಡಿದ್ದೆ. ಈ ಬೆಟ್ಟಗಳ ನೆಲದ ಬಗ್ಗೆ ನನಗೆ ಹೇಳಿಕೊಡುವವರು ಯಾರೂ ಇಲ್ಲವೆಂಬ ಜಂಬವೂ ಇತ್ತು.

ಆ ವರ್ಷದ ಮೇ ತಿಂಗಳಲ್ಲಿ ಜಾವಳಿ ಹತ್ತಿರದ ಒಂದು ಇಳಿಜಾರಿಗೆ ಅಳತೆಗೆ ಹೋದೆ. ಮಾರುವವರು ಹಾಲಪ್ಪಗೌಡರು. ಅವರ ತೋಟದಿಂದ ದೂರವಾಗಿ ಬಿದ್ದಿದ್ದ ಇಪ್ಪತ್ತು ಗುಂಟೆ ಜಾಗ, ಅದರಲ್ಲೊಂದು ಸಣ್ಣ ಹೆಂಚಿನ ಮನೆ. ಕೊಳ್ಳಲು ಬಂದಿದ್ದವರು ಚಿನ್ನಪ್ಪ ಮತ್ತು ಅವರ ಹೆಂಡತಿ ರಾಜಮ್ಮ. ಚಿನ್ನಪ್ಪ ಕೋಲಾರದ ಕಡೆಯ ಚಿನ್ನದ ಗಣಿಯಲ್ಲಿ ಮೂವತ್ತೊಂದು ವರ್ಷ ಟಿಂಬರ್‌ಮನ್ ಆಗಿದ್ದವರು. ಅಂದರೆ, ಸುರಂಗದ ಮಾಡು ಕುಸಿಯದಂತೆ ಮರದ ದಿಮ್ಮಿಗಳ ಆಸರೆ ಕೊಡುವವರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಆ ದಿನ ಬಂದರೆ ಗಣಿಯ ಕ್ವಾರ್ಟರ್ಸ್ ಬಿಡಬೇಕು, ಸ್ವಂತದ್ದೆಂದು ಒಂದು ಗೇಣು ನೆಲವಿಲ್ಲ. ಎದೆಗೆ ದೂಳು ಇಳಿದಿದೆ, ತಂಪಾದ ಒಳ್ಳೆಯ ಗಾಳಿ ಇರುವ ಕಡೆ ಹೋಗಿ ಎಂದು ಡಾಕ್ಟರು ಹೇಳಿದ್ದರಂತೆ.

ಅವರು ಊರು ಹುಡುಕಿದ ರೀತಿ ಕೇಳಿ ನನಗೆ ಮೊದಲ ಸಲ ಆಶ್ಚರ್ಯವಾಯಿತು. ಮೂರು ವರ್ಷ, ಪ್ರತಿ ರಜೆಯನ್ನೂ ಅದಕ್ಕೇ ಇಟ್ಟಿದ್ದರು. ರಾಜಮ್ಮನ ಷರತ್ತು ಮೂರೇ: ಬಸ್ಸಿನ ರಸ್ತೆಗೆ ನಡೆದು ಹೋಗುವಂತಿರಬೇಕು, ಆಸ್ಪತ್ರೆ ತೀರಾ ದೂರ ಇರಬಾರದು, ಕೂಗಿದರೆ ಪಕ್ಕದ ಮನೆಯವರಿಗೆ ಕೇಳಬೇಕು. ಚಿಕ್ಕಮಗಳೂರು ಪೇಟೆಯ ಸೈಟುಗಳು ಕೈಗೆ ಎಟುಕುವಂತಿರಲಿಲ್ಲ. ಅತ್ತಿಗುಂಡಿಯ ಚಳಿಗೆ ಒಂದೇ ವಾರದಲ್ಲಿ ಚಿನ್ನಪ್ಪನವರ ಎದೆ ಕಟ್ಟಿತು. ಕಳಸ ಇಬ್ಬರಿಗೂ ಮನಸ್ಸಿಗೆ ಹಿಡಿಸಿತ್ತು. ಆದರೆ ಉಸಿರಾಟದ ತೊಂದರೆ ಇರುವ ಮನುಷ್ಯನನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾದರೆ ಆ ತಿರುವುಗಳಲ್ಲಿ ಅರ್ಧ ದಿನ. ಜಾವಳಿಯ ಈ ಜಾಗ ಮೂರೂ ಷರತ್ತಿಗೆ ಹೊಂದಿತ್ತು. ಬೆಲೆಯೋ, ಸುತ್ತಲಿನ ಬೆಲೆಯ ಅರ್ಧ.

ಮಾಡಿನ ಕೆಳಗೆ ಬದುಕು ಸವೆಸಿದ ಆ ಮನುಷ್ಯ ಮನೆಯ ಅಂಗಳದಲ್ಲಿ ನಿಂತು ಸುಮ್ಮನೆ ಆಕಾಶ ನೋಡುತ್ತಿದ್ದರು. ರಾಜಮ್ಮ ಆಗಲೇ ಒಲೆ ಎಲ್ಲಿ, ತುಳಸಿ ಎಲ್ಲಿ ಎಂದು ಗುರುತು ಮಾಡುತ್ತಿದ್ದರು.

ಅಳತೆಗೆ ಆಧಾರ ಹಳೆಯ ಟಿಪ್ಪಣಿ; ಹಿಂದಿನವರು ಅಳೆದು ಬರೆದಿಟ್ಟ ಲೆಕ್ಕ. ಅದರ ಪ್ರಕಾರ ನಾಲ್ಕು ಮೂಲೆಗೆ ನಾಲ್ಕು ಬಾಂದುಕಲ್ಲು. ಮೇಲಿನ ಎರಡು ಕಲ್ಲು ಇಂಚೂ ತಪ್ಪದೆ ಸಿಕ್ಕವು. ಕೆಳಗಿನ ಎರಡು ಇರಬೇಕಾದ ಜಾಗದಲ್ಲಿ ಇರಲಿಲ್ಲ. ನಾಲ್ಕು ಅಡಿ ಕೆಳಕ್ಕೆ, ಪಕ್ಕದ ಎಸ್ಟೇಟಿನೊಳಗೆ ಇದ್ದವು. ಎರಡು ಸಲ ಸರಪಳಿ ಹಿಡಿಸಿದೆ. ಅದೇ ನಾಲ್ಕು ಅಡಿ. ಗಡಿಕಲ್ಲು ಕಿತ್ತು ಒತ್ತುವರಿ ಮಾಡುವವರನ್ನು ನಾನು ಎಷ್ಟೋ ನೋಡಿದ್ದೆ. ನೇರವಾಗಿ ಕೇಳಿಬಿಟ್ಟೆ.

"ಗೌಡ್ರೇ, ಈ ಕಲ್ಲು ಸರಿಸಿದ್ದು ಯಾರು?"

ಹಾಲಪ್ಪಗೌಡರ ಮುಖ ಕೆಂಪಾಯಿತು. "ಕಲ್ಲು ಕೀಳೋ ಜನ ಅಂದ್ಕಂಡ್ರಾ ನಮ್ಮನ್ನ? ನಮ್ಮಪ್ಪನ ಕಾಲದಿಂದ ಅದನ್ನ ಮುಟ್ಟಿದೋರಿಲ್ಲ ಮಾರಾಯ್ರೇ! ಬರ್ಕಳಿ ಏನು ಬೇಕಾದ್ರೂ."

ಅಷ್ಟರಲ್ಲಿ ಚಿನ್ನಪ್ಪ ಕಲ್ಲಿನ ಪಕ್ಕ ಮಂಡಿಯೂರಿ ಕುಳಿತಿದ್ದರು. ತರಗೆಲೆ ಸರಿಸಿ ಬುಡ ನೋಡಿದರು, ಬೆರಳಿನಿಂದ ಮಣ್ಣು ಕೆದಕಿದರು.

"ಸಾರ್, ಗೌಡರು ಹೇಳೋದು ನಿಜ. ಇದು ಕಿತ್ತು ನೆಟ್ಟ ಕಲ್ಲಲ್ಲ. ಪಾಚಿ ಹರಿದಿಲ್ಲ, ಬುಡಕ್ಕೆ ಸುತ್ತಿದ ಬೇರು ಹಾಗೇ ಇದೆ. ಕಲ್ಲು ಸರಿದಿಲ್ಲ ಸಾರ್. ನೆಲ ಸರಿದಿದೆ."

ನನಗೆ ನಗು ಬಂತು. ಆದರೆ ಅವರು ಎದ್ದು ಮೇಲೆ ಹತ್ತತೊಡಗಿದ್ದರು. ಏದುಸಿರು ಬಿಡುತ್ತ, ನಿಂತು ನಿಂತು ಹತ್ತಿದರು. ಬುಡದಲ್ಲಿ ಬಾಗಿ ಆಮೇಲೆ ನೆಟ್ಟಗಾದ ಮರಗಳನ್ನು ತೋರಿಸಿದರು: ನೆಲ ಜಾರುತ್ತ ಬಂದಂತೆ ಮರ ಮತ್ತೆ ಮತ್ತೆ ಬೆಳಕಿನ ಕಡೆ ತಿರುಗಿದೆ. ಮನೆಯ ಹಿಂದೆ ಕುರುಚಲು ಗಿಡಗಳ ನಡುವೆ ಒಂದು ಬಿರುಕಿತ್ತು, ಎಲೆಗಳಿಂದ ಮುಚ್ಚಿಹೋಗಿದ್ದು. ಅದರೊಳಗೆ ಅವರ ತೋಳು ಭುಜದವರೆಗೂ ಹೋಯಿತು.

ಹಾಲಪ್ಪಗೌಡರ ಸಿಟ್ಟು ಇಳಿದುಹೋಗಿತ್ತು. "ಎರಡು ವರ್ಷದಿಂದ ಆ ಮನೆ ಬಾಗ್ಲು ಹಾಕಕ್ಕೇ ಬರ್ತಿಲ್ಲ. ಮಳೆಗೆ ಮರ ಉಬ್ಬಿದೆ ಅಂದ್ಕಂಡಿದ್ದೆ," ಎಂದರು ಮೆಲ್ಲಗೆ.

"ಕೆಳಗೆ ಯಾರಿದ್ದಾರೆ?" ಚಿನ್ನಪ್ಪ ಕೇಳಿದರು.

ಕೆಳಗೆ ಎಸ್ಟೇಟಿನ ಕೂಲಿಯವರು ಸಾಲಾಗಿ ಇರುವ ಲೈನ್ ಮನೆಗಳಿದ್ದವು. ಐದು ಸಂಸಾರ.

ಆ ಜಾಗ ಬೇಡವೆಂದು ಚಿನ್ನಪ್ಪ ಅಂದೇ ಕೋಲಾರದ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಬಿರುಕಿನ ಆಚೆಗೊಂದು ಈಚೆಗೊಂದು ಗೂಟ ಹೊಡೆಸಿ, ನಡುವಿನ ಅಂತರ ಅಳೆಯಿರಿ ಎಂದರು. ಸರಿಯಾಗಿ ಏಳು ಅಡಿ. ಜಾವಳಿಯಲ್ಲೇ ಒಂದು ಕೋಣೆ ಹಿಡಿದು ರಜೆ ಮುಂದುವರಿಸಿದರು. ಮೊದಲ ಮಳೆಗಳು ಬಿದ್ದ ಮೇಲೆ, ಹದಿನಾರನೇ ದಿನ ನಾನು ಮತ್ತೆ ಹೋಗಿ ಟೇಪು ಹಿಡಿದೆ. ಏಳು ಅಡಿ ಎರಡು ಇಂಚು.

ಆ ಎರಡು ಇಂಚು ನೋಡಿದಾಗ ನನಗಾದದ್ದನ್ನು ಹೇಗೆ ಹೇಳಲಿ? ಬೆಟ್ಟ ನಿಂತಲ್ಲೇ ನಿಂತಿತ್ತು, ಹಕ್ಕಿ ಕೂಗುತ್ತಿತ್ತು, ಕಾಫಿ ಗಿಡದಲ್ಲಿ ಹಸಿರು ಕಾಯಿ ಕಚ್ಚಿತ್ತು. ಕಾಲ ಕೆಳಗಿನದೆಲ್ಲ ಸದ್ದಿಲ್ಲದೆ ಹೊರಟಿತ್ತು. ನಾನು ಅಳತೆ ಶುರು ಮಾಡುವುದೇ ನೆಲ ಅಲುಗುವುದಿಲ್ಲ ಎಂಬ ನಂಬಿಕೆಯಿಂದ.

ಎಸ್ಟೇಟಿನ ಮಾಲೀಕರಿಗೆ ನಾನೇ ಅಳತೆ ತೋರಿಸಿದೆ. ಅವರು ತಡಮಾಡಲಿಲ್ಲ. ಮಳೆಗಾಲದಲ್ಲಿ ಖಾಲಿ ಬೀಳುವ ಪಾರ್ಚ್‌ಮೆಂಟ್ ಗೋದಾಮನ್ನು, ಅಂದರೆ ಒಣಗಿಸಿದ ಕಾಫಿ ಬೀಜ ತುಂಬುವ ಕಟ್ಟಡವನ್ನು, ಆ ಐದು ಸಂಸಾರಕ್ಕೆ ಬಿಟ್ಟುಕೊಟ್ಟರು. ಆದರೆ ಜನ ಏಳಬೇಕಲ್ಲ. ಕಾಫಿ ಕುಯ್ಯುವ ಗಿರಿಜ ಎಲ್ಲರ ಪರವಾಗಿ ಮಾತಾಡಿದಳು.

"ಹನ್ನೆರಡು ಮಳೆಗಾಲ ಇಲ್ಲೇ ಕಳ್ದಿದೀವಿ ಸಾರ್. ಕೋಳಿ, ಸೌದೆ, ಒಲೆ ಎಲ್ಲ ಬಿಟ್ಟು ಗೋಡನ್ನಿಗೆ ಹೋಗಂಗಾಗುತ್ತಾ? ನಿಮ್ಮ ಎರಡು ಇಂಚಿಗೆ?"

ಉತ್ತರ ಕೊಟ್ಟದ್ದು ರಾಜಮ್ಮ. ಗಿರಿಜಳ ಜಗಲಿಯ ಮೇಲೆ ಕುಳಿತು, ಯಾರಿಗೋ ಅಡುಗೆ ಹೇಳಿಕೊಡುವಷ್ಟು ಸಮಾಧಾನದಲ್ಲಿ ಹೇಳಿದರು.

"ನೋಡಮ್ಮಾ, ಗಣೀಲಿ ಅಪಘಾತ ಆದ್ರೆ ಸೈರನ್ ಕೂಗ್ತಾರೆ. ನಾವು ಹೆಂಗಸರೆಲ್ಲ ಗಣಿ ಬಾಯಿ ಹತ್ರ ಹೋಗಿ ನಿಲ್ತೀವಿ. ಒಂದು ಸಲ ನಮ್ಮೋರು ಮೇಲೆ ಬಂದ್ರು. ನನ್ನ ಕೈ ಹಿಡ್ಕೊಂಡು ನಿಂತಿದ್ದಳಲ್ಲ, ಪಕ್ಕದ ಮನೆಯವಳು, ಅವಳ ಗಂಡ ಬರಲಿಲ್ಲ. ಮರ ಕಿರುಗುಟ್ಟಿತು, ಹೊರಗೆ ಬನ್ನಿ ಅಂತ ಇವರು ಕೂಗಿದ್ರಂತೆ. ಅವನು ಮರ ಕೆತ್ತೋ ಬಾಚಿ ತಗೊಂಡು ಬರ್ತೀನಿ ಅಂತ ತಿರುಗಿದ. ಅಷ್ಟೇ. ಇಲ್ಲಿ ಸೈರನ್ನೂ ಇಲ್ಲ, ನಾವು ಇವತ್ತಿದ್ದು ನಾಳೆ ಹೋಗೋರು. ನೀನು ಏಳೋದಾದ್ರೆ ಈಗಲೇ ಏಳು, ಕೊಡ ನಾನು ಹೊರ್ತೀನಿ."

ಎದ್ದು ನೀರಿನ ಕೊಡ ಸೊಂಟಕ್ಕೇರಿಸಿಕೊಂಡು ಹೊರಟೇಬಿಟ್ಟರು. ಗಿರಿಜ ಚಾಪೆ ಸುತ್ತಿದಳು. ಸಂಜೆಯೊಳಗೆ ಐದೂ ಮನೆ ಖಾಲಿಯಾಯಿತು.

ಗಂಡ ಹೆಂಡತಿ ಕೋಲಾರಕ್ಕೆ ಮರಳಿದರು. ಹೋಗುವ ಮುಂಚೆ ಚಿನ್ನಪ್ಪ ಗಿರಿಜಳಿಗೆ ಒಂದು ಮಾತು ಹೇಳಿದ್ದರು: ಜೋರು ಮಳೆಯಲ್ಲೂ ಲೈನ್ ಮನೆಗಳ ಹಿಂದಿನ ಒರತೆಯಲ್ಲಿ ನೀರು ಬರುವುದು ನಿಂತರೆ ಅದು ಬೆಟ್ಟದೊಳಗೇ ತುಂಬುತ್ತಿದೆ ಎಂದರ್ಥ; ಯಾರೂ ಆ ಕಡೆ ಹೋಗಬೇಡಿ, ಸರ್ವೆಯರ್‌ಗೆ ತಿಳಿಸಿ.

ಜುಲೈನಲ್ಲಿ, ಬೆಳಿಗ್ಗೆ ಹತ್ತರ ಹೊತ್ತಿಗೆ, ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರು ನಮ್ಮ ಆಫೀಸಿಗೆ ಫೋನ್ ಮಾಡಿದರು. ನಾಲ್ಕು ದಿನದಿಂದ ಬಿಡದೆ ಮಳೆ, ಆದರೂ ಒರತೆ ಬತ್ತಿದೆ. ನಾನು ಜೀಪಿನಲ್ಲಿ ಹೋದೆ. ಇಳಿಜಾರಿನ ಪಕ್ಕದಲ್ಲಿ ಗೌಡರದೇ ಒಂದು ದೊಡ್ಡ ಬಂಡೆಯ ದಿಬ್ಬವಿತ್ತು. ಹಾಲಪ್ಪಗೌಡರು, ಗಿರಿಜ, ನಾನು ಅದರ ಮೇಲೆ ಛತ್ರಿ ಹಿಡಿದು ನಿಂತೆವು. ಹನ್ನೆರಡು ಆಗಿರಬೇಕು. ಮಂಜು ಒಂದಿಷ್ಟು ಸರಿಯಿತು. ಮೊದಲು ಸದ್ದೇ ಇರಲಿಲ್ಲ. ಹೆಂಚಿನ ಮನೆ ಮೆಲ್ಲಗೆ ತಿರುಗಿತು, ಯಾರೋ ಕರೆದರೆ ತಿರುಗಿ ನೋಡುವ ಹಾಗೆ. ಆಮೇಲೆ ಅದರ ಹಿಂದಿನ ಮರಗಳು ನೆಟ್ಟಗೆ ನಿಂತುಕೊಂಡೇ ಹೊರಟವು. ಬೀಳಲಿಲ್ಲ, ನಡೆದವು. ಆಗ ಬಂತು ಸದ್ದು. ಕಿವಿಗಿಂತ ಮುಂಚೆ ಅದು ಅಂಗಾಲಿಗೆ ತಿಳಿಯಿತು. ಲೈನ್ ಮನೆಗಳ ಮೇಲೆ ಕೆಂಪು ಮಣ್ಣು ಹರಿಯಿತು. ಒಂದು ಬೀಡಿ ಸೇದುವಷ್ಟು ಹೊತ್ತಿನಲ್ಲಿ ನಾನು ಅಳೆದ ಇಪ್ಪತ್ತು ಗುಂಟೆ ಹಳ್ಳದಲ್ಲಿತ್ತು.

"ನನ್ನ ಒಲೆ," ಎಂದಳು ಗಿರಿಜ. ಹಾಲಪ್ಪಗೌಡರು ಕೈ ಮುಗಿದು ನಿಂತಿದ್ದರು. ಹಳ್ಳದ ಕಡೆ ಹೋದವರು ಯಾರೂ ಇರಲಿಲ್ಲ. ಒಬ್ಬರಿಗೂ ಏನೂ ಆಗಲಿಲ್ಲ.

ನಾನು ಚಿನ್ನಪ್ಪನವರಿಗೆ ಕಾಗದ ಬರೆದೆ. ದೀಪಾವಳಿ ರಜೆಗೆ ಇಬ್ಬರೂ ಬಂದರು. ಹಾಲಪ್ಪಗೌಡರು ಅವರನ್ನು ಮನೆಗೆ ಕರೆದು, "ನಿಮ್ಗೆ ಇಷ್ಟ ಬಂದ ಕಡೆ ತಗಳಿ, ಎಷ್ಟಾದ್ರೂ ಕೊಡಿ," ಎಂದರು. ಚಿನ್ನಪ್ಪ ಎರಡು ದಿನ ಅಡ್ಡಾಡಿ ನಾವು ನಿಂತಿದ್ದ ಬಂಡೆ ದಿಬ್ಬವನ್ನೇ ತೋರಿಸಿದರು. ಗೌಡರಿಗೆ ನಾಚಿಕೆಯಾಯಿತು. "ಅಲ್ಲಿ ಒಂದು ಕಾಫಿ ಗಿಡ ಬದುಕಲ್ಲ ಕಣ್ರೀ!"

"ನಾವು ಗಿಡ ಅಲ್ವಲ್ಲ ಗೌಡ್ರೇ," ಎಂದು ರಾಜಮ್ಮ ನಕ್ಕರು.

ಆರು ಗುಂಟೆ. ನಾನೇ ಅಳೆದೆ. ಬೆಳೆಗೆ ಬಾರದ ಜಾಗಕ್ಕೆ ಬೆಲೆಯೂ ಹಗುರ. 2000ದಲ್ಲಿ ನಿವೃತ್ತಿಯಾದ ತಿಂಗಳೇ ಬಂದು ಎರಡು ಕೋಣೆಯ ಮನೆ ಕಟ್ಟಿದರು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಹೊಸ ಲೈನ್ ಮನೆಗಳು ಎದ್ದಿದ್ದವು. ಮೊದಲನೆಯದರಲ್ಲಿ ಗಿರಿಜ ಇದ್ದಳು.

2007ರಲ್ಲಿ, ನನ್ನ ನಿವೃತ್ತಿಗೂ ಎರಡು ವರ್ಷ ಇದ್ದಾಗ, ಕೊಟ್ಟಿಗೆಹಾರದ ಹತ್ತಿರ ಒಂದು ಜಾಗ ನೋಡಿದೆ. ದಾಖಲೆಗಳೆಲ್ಲ ನನ್ನ ಕೈಯಲ್ಲೇ ಆದಂಥವು, ಒಂದು ಕೊಂಕಿಲ್ಲ. ಆದರೂ ಚಿನ್ನಪ್ಪನವರನ್ನು ಜೀಪಿನಲ್ಲಿ ಕರೆದೊಯ್ದೆ. ಆಗ ಅವರಿಗೆ ಹತ್ತು ಹೆಜ್ಜೆಗೊಮ್ಮೆ ಕೂರಬೇಕಿತ್ತು. ಕುಳಿತು, ಎದ್ದು, ಇಡೀ ಜಾಗ ತಿರುಗಿದರು.

"ಬೇಡ ಸಾರ್," ಎಂದರು.

ಏಕೆ ಎಂದು ನಾನು ಕೇಳಲಿಲ್ಲ. ಮುಂಗಡವನ್ನೂ ಕೊಡದೆ ಹಿಂದಿರುಗಿದೆ. ಮೂರನೆಯ ಜಾಗದಲ್ಲಿ ಅವರು ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ಬರಿಗಾಲಲ್ಲಿ ನಿಂತರು, ಆಮೇಲೆ ಆಗಬಹುದೆಂದು ತಲೆಯಾಡಿಸಿದರು. ಇದನ್ನು ಬರೆಯುತ್ತಿರುವುದು ಅಲ್ಲಿ ಕಟ್ಟಿಸಿದ ಮನೆಯಲ್ಲೇ. ಇಪ್ಪತ್ತೈದು ವರ್ಷದ ಸರ್ಕಾರಿ ಕೆಲಸ ನನಗೆ ಕಲಿಸಿದ್ದು ಏನೆಂದು ಕೇಳುವವರಿಗೆ ಹೇಳುವುದಿಷ್ಟು: ನಾನು ನೆಲದ ಮೇಲ್ಮೈ ಓದಲು ಕಲಿತವನು. ಅದರ ಒಳಗನ್ನು ಓದಬಲ್ಲವರು ಬೇರೆ ಇದ್ದಾರೆ. ಅಂಥವರು ಎದುರಿಗೆ ಬಂದಾಗ ಸರಪಳಿ ಕೆಳಗಿಟ್ಟು ಕೇಳಿಸಿಕೊಳ್ಳಬೇಕು.