ಔರಾದಿಗೆ ಅಳಲು ಹೋದದ್ದು

ಸತ್ತವರ ಮನೆಗೆ ಮಾತಾಡಿಸಲು ಹೋದರೆ ನಮ್ಮ ಕಡೆ ಹೊಸ್ತಿಲಲ್ಲೇ ಅಳು ಶುರುವಾಗಬೇಕು. ಹೆಂಗಸರು ಮನೆಯವರ ಕೊರಳಿಗೆ ಬಿದ್ದು, ಸತ್ತವರ ಗುಣ ಹಾಡಿಕೊಂಡು ಅಳುತ್ತಾರೆ. ಅಷ್ಟು ಹೊತ್ತು ಸುಮ್ಮನಿದ್ದವರೂ ಹೊಸಬರು ಬಂದ ಕೂಡಲೇ ದನಿಗೂಡಿಸುತ್ತಾರೆ. ಅತ್ತು ಮುಗಿದ ಮೇಲೆ ಮುಖ ತೊಳೆದು, ಚಹಾ ಕುಡಿದು, "ನಿಮ್ಮ ಕಡಿ ಮಳಿ ಹ್ಯಾಂಗ ಅದ?" ಎಂದು ಮಾತಿಗೆ ಕೂರುತ್ತಾರೆ. ಇದರಲ್ಲಿ ಕಪಟವೇನೂ ಇಲ್ಲ, ದುಃಖವನ್ನು ಹಂಚಿಕೊಳ್ಳುವ ಒಂದು ದಾರಿ ಅದು. ಆದರೆ ನನಗದು ಜನ್ಮದಲ್ಲಿ ಬಾರದ ವಿದ್ಯೆ. ಯಾರಾದರೂ ಹೇಳದೆ ಕೇಳದೆ ಮೈಮುಟ್ಟಿದರೆ ಜಾಲಿಮುಳ್ಳು ಚುಚ್ಚಿದ ಹಾಗಾಗುತ್ತದೆ. ಅದಕ್ಕೇ ಇಂಥ ಮನೆಗಳಿಗೆ ಹೋಗುವುದನ್ನೇ ಬಿಟ್ಟು ಸೊಕ್ಕಿನವಳು ಎನ್ನಿಸಿಕೊಂಡಿದ್ದೆ.

ಮಳೆ ಕೈಕೊಟ್ಟು ಊರೂರೇ ಗುಳೆ ಹೊರಟಿದ್ದ ಬೇಸಿಗೆಯದು. ಬೀದರಿನ ಮೈಲೂರಿನಲ್ಲಿದ್ದ ನನ್ನ ಬಾಡಿಗೆ ಮನೆಗೆ ಔರಾದಿನಿಂದ ಫೋನು ಬಂತು. ಮಾತಾಡಿದವನು ನನ್ನ ಗೆಳತಿಯ ಅಣ್ಣ. ಅವರ ಅವ್ವ ತೀರಿಕೊಂಡ ಸುದ್ದಿ ನನಗೆ ಮೊದಲೇ ಗೊತ್ತಿತ್ತು. "ಅವ್ವ ಸತ್ತಳು. ನೀ ಬರಬ್ಯಾಡ. ಮಂದಿ ಭಾಳ ಅದ" ಎಂದು ಗೆಳತಿ ಮೆಸೇಜು ಕಳಿಸಿದ್ದಳು. ಬರಬೇಡ ಎಂದರೆ ನಮ್ಮಿಬ್ಬರಲ್ಲಿ ಬರಬೇಡ ಎಂದೇ ಅರ್ಥ. ನಾನು ಹೋಗಿರಲಿಲ್ಲ.

"ಅಕ್ಕಾರ, ನೀವೊಮ್ಮೆ ಬಂದು ಹೋಗ್ರಿ" ಎಂದ ಅಣ್ಣ. "ಅವ್ವ ಹೋದಾಗಿಂದ ಅಕಿ ಒಂದು ಹನಿ ಕಣ್ಣೀರು ಹಾಕಿಲ್ರಿ. ಮಂದಿ ಏನೇನೋ ಅನ್ಲಕತ್ತಾರ. ನಾ ಹೈದರಾಬಾದಿಗಿ ವಾಪಸ್ ಹೋಗಬೇಕು, ಮೇಸ್ತ್ರಿ ದಿನಾ ಫೋನ್ ಮಾಡ್ಲಕತ್ತಾನ. ಹಿಂಗ ಕಲ್ಲಿನಂಗ ಕುಂತಾಕಿನ್ನ ಒಬ್ಬಾಕಿನ್ನೇ ಹ್ಯಾಂಗ ಬಿಟ್ಟು ಹೋಗಲ್ರಿ? ಅತ್ತಳಂದ್ರ ನನಗ ಧೈರ್ಯ. ಇಲ್ಲಂದ್ರ ನನ್ನ ಜೋಡಿ ಕರ್ಕೊಂಡು ಹೋಗ್ತೇನಿ."

ಹೈದರಾಬಾದಿನಲ್ಲಿ ಅವನಿರುವುದು ಕಟ್ಟಡ ಏಳುತ್ತಿರುವ ಜಾಗದ ತಗಡಿನ ಶೆಡ್ಡಿನಲ್ಲಿ, ಒಂದೇ ಕೋಣೆಯಲ್ಲಿ ಇನ್ನೂ ಎರಡು ಸಂಸಾರಗಳ ಜೊತೆ. ಹೊರಗೆ ದಿನವಿಡೀ ಕಲ್ಲು ಕೊಯ್ಯುವ ಮಷೀನಿನ ಸದ್ದು. ಗೆಳತಿ ಒಮ್ಮೆ ಅಲ್ಲಿಗೆ ಹೋಗಿ, ಕಿವಿಗೆ ಹತ್ತಿ ತುರುಕಿಕೊಂಡು ಅದೇ ಸಂಜೆ ಓಡಿಬಂದಿದ್ದಳು. ಆಮೇಲೆ ಎಷ್ಟೋ ದಿನ ಅವಳಿಗೆ ಸರಿಯಾಗಿ ಮಾತೇ ಹೊರಡಲಿಲ್ಲ. ಔರಾದಿನಲ್ಲಿ ಅವಳಿಗೊಂದು ಶಾಲೆ ಇತ್ತು, ಅತಿಥಿ ಶಿಕ್ಷಕಿಯ ಕೆಲಸವಿತ್ತು, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆಯಿತ್ತು. ಅದನ್ನು ಬಿಡಿಸಿ ಶೆಡ್ಡಿಗೆ ಒಯ್ದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿತು. ಅಣ್ಣ ಕೆಟ್ಟವನಲ್ಲ. ತಂಗಿಗಾಗಿ ಅಂಜುತ್ತಿದ್ದ, ಅಷ್ಟೇ. ಅಂಜಿದ ಒಳ್ಳೆಯವರಿಗೆ ತಿಳಿಹೇಳುವುದು ಕೆಟ್ಟವರ ಜೊತೆ ಜಗಳಾಡುವುದಕ್ಕಿಂತ ಕಷ್ಟ.

ನಾವಿಬ್ಬರೂ ಭಾಲ್ಕಿಯಲ್ಲಿ ಶಿಕ್ಷಕರ ತರಬೇತಿಗೆ ಸೇರಿದಾಗ ಪರಿಚಯವಾದವರು. ಹಾಸ್ಟೆಲಿನ ಊಟದ ಮನೆಯಲ್ಲಿ ಸ್ಟೀಲಿನ ತಾಟುಗಳು ಧಡಧಡ ಬೀಳುವಾಗ ಎಲ್ಲರೂ ನಗುತ್ತಿದ್ದರೆ ಇಬ್ಬರೇ ಕಿವಿ ಮುಚ್ಚಿಕೊಂಡಿದ್ದೆವು. ಅಲ್ಲಿಂದ ಗೆಳೆತನ ಕುದುರಿತು. ಎಷ್ಟೋ ವರ್ಷದ ಮೇಲೆ ಹೈದರಾಬಾದಿನ ಡಾಕ್ಟರರೊಬ್ಬರು ನನಗಿರುವುದು ಆಸ್ಪರ್ಗರ್, ಆಟಿಸಂನ ಒಂದು ಬಗೆ ಎಂದರು. ರೋಗವಲ್ಲ, ನಿಮ್ಮ ಮಿದುಳಿನ ಕಟ್ಟೋಣವೇ ಹಾಗೆ ಎಂದು ಬಿಡಿಸಿ ಹೇಳಿದರು. ಅದನ್ನು ಗೆಳತಿಗೆ ಹೇಳಿದಾಗ ಅವಳು ಸ್ವಲ್ಪ ಯೋಚಿಸಿ, "ಹಂಗಾದ್ರ ನಂದೂ ಅದೇ" ಎಂದಳು. ತೋರಿಸಿಕೊಂಡಾಗ ಅದೇ ಆಗಿತ್ತು. ಆದರೆ ಈ ಹೆಸರನ್ನು ಔರಾದಿನ ಯಾವ ಚಿಕ್ಕವ್ವನಿಗೆ ಹೇಳುವುದು? ಹೇಳಿದರೆ ನಿಂಬೆಹಣ್ಣು ಮಂತ್ರಿಸಿ ತರುತ್ತಾರೆ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ಹೊಸಬರು ಅತ್ತರೆ ಮನೆಯವರೂ ಅಳುತ್ತಾರೆ, ಅಲ್ಲವೇ? ಹಾಗಿದ್ದರೆ ನಾನು ಬರೋಬ್ಬರಿ ಅತ್ತರೆ ಗೆಳತಿಗೂ ಅಳು ಬಂದೀತು. ನಾನು ಯಾವುದನ್ನಾದರೂ ಮಾಡಲೇಬೇಕು ಎಂದರೆ ಮೊದಲು ಉರು ಹೊಡೆಯುವವಳು. ಜನವಾಡ ದಾಟುತ್ತಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಸಣ್ಣ ದನಿಯಲ್ಲಿ ಅಭ್ಯಾಸ ಶುರು ಮಾಡಿದೆ. "ಎಲ್ಲಿ ಹೋದ್ಯವ್ವಾ... ನಿನ್ನ ಕೈಯಾನ ರೊಟ್ಟಿ ಇನ್ಯಾರು ಕೊಡ್ತಾರವ್ವಾ..." ಎದುರಿನಿಂದ ಬರುವ ಬಸ್ಸುಗಳ ನೆತ್ತಿಯ ಮೇಲೆ ಗಂಟು ಮೂಟೆ, ಕೊಡ, ಕಾಲು ಮೇಲಾದ ಹಗ್ಗದ ಹೊರಸು. ಪಕ್ಕದಲ್ಲಿದ್ದ ಮುದುಕಿ ನನ್ನನ್ನೇ ನೋಡುತ್ತಿದ್ದಳು.

"ಯಾರು ಹೋದ್ರವ್ವಾ?"

"ಗೆಳತಿ ಅವ್ವರಿ."

"ಎಲ್ಲಾ ಇಲ್ಲೇ ಅತ್ತು ಖಾಲಿ ಮಾಡ್ಕೋಬ್ಯಾಡ. ಅಲ್ಲಿಗಿ ಜರಾ ಇಟ್ಕೊ."

ಅವಳ ಮಾತು ನನಗೆ ಸರಿಯೆನ್ನಿಸಿ ಅಭ್ಯಾಸ ನಿಲ್ಲಿಸಿದೆ. ಸಂತಪುರ ಬರುವ ಹೊತ್ತಿಗೆ ಅಂಗೈ ಬೆವರಿ ಟಿಕೀಟು ಮೆತ್ತಗಾಗಿತ್ತು.

ಮನೆಯ ತುಂಬ ಹೆಂಗಸರಿದ್ದರು. ಒಂದು ಟೇಬಲ್ ಫ್ಯಾನು ಕಟಕಟ ಎಂದು ಸದ್ದು ಮಾಡುತ್ತ ತಿರುಗುತ್ತಿತ್ತು. ಗೆಳತಿ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಕೂತಿದ್ದಳು. ಅವಳ ಎರಡೂ ಕೈ ತೊಡೆಯ ಕೆಳಗಿದ್ದವು. ಅವಳು ಕೈ ಹಾಗಿಟ್ಟುಕೊಂಡಿದ್ದಾಳೆ ಎಂದರೆ ತಡೆದುಕೊಳ್ಳುವ ಶಕ್ತಿ ಮುಗಿಯುತ್ತ ಬಂದಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಇನ್ನೊಬ್ಬರು ಮುಟ್ಟಿದರೆ ಕಿರುಚುತ್ತಾಳೆ. ಕಿರುಚಿದರೆ ಮುಗಿಯಿತು, ಹುಚ್ಚಿ ಎಂದು ಊರೇ ಷರಾ ಬರೆಯುತ್ತದೆ, ಅಣ್ಣ ಇಂದೇ ಗಂಟು ಕಟ್ಟುತ್ತಾನೆ.

ನಾನು ಹೊಸ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ, ದೊಡ್ಡ ದನಿ ತೆಗೆದೆ. "ನನ್ನವ್ವಾ, ಎಲ್ಲಿ ಹೋದ್ಯವ್ವಾ! ನಿನ್ನ ಕೈಯಾನ ರೊಟ್ಟಿ ಇನ್ಯಾರು ಕೊಡ್ತಾರವ್ವಾ!" ಹೆಂಗಸರೆಲ್ಲ ದನಿಗೂಡಿಸಿದರು. ನನಗೇ ಆಶ್ಚರ್ಯವಾಗುವಷ್ಟು ಚೆನ್ನಾಗಿ ನಡೆಯಿತು. ಅಷ್ಟರಲ್ಲಿ ಗೆಳತಿ ಮೂಲೆಯಿಂದ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನೀ ಅವ್ವನ ಕೈಯಾನ ರೊಟ್ಟಿ ಎಂದ್ ತಿಂದಿ? ಬಂದಾಗೆಲ್ಲ ರೊಟ್ಟಿ ಬಾಯಾಗ ಚುಚ್ತದ ಅಂತ ಅನ್ನ ಉಂಡು ಹೋಗೀದಿ."

ಅಳು ಗಕ್ಕನೆ ನಿಂತಿತು. ಯಾರೋ ಒಬ್ಬಳು ನಗು ತಡೆಯಲು ಕೆಮ್ಮಿದಳು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಗೆಳತಿ ಹೇಳಿದ್ದು ಖರೆ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಆ ಗಳಿಗೆಯಲ್ಲಿ ಅವಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ನೋಡ್ರಿ, ನೋಡ್ರಿ" ಎಂದು ಎದ್ದಳು ಅವಳ ಚಿಕ್ಕವ್ವ. ಸತ್ತವಳ ಸ್ವಂತ ತಂಗಿ, ಅತ್ತತ್ತು ಕಣ್ಣು ಊದಿತ್ತು. "ಹೆತ್ತಾಕಿ ಮಣ್ಣಾಗ ಹೋಗ್ಯಾಳ, ಇಕಿ ರೊಟ್ಟಿ ಲೆಕ್ಕ ಹೇಳ್ಲಕತ್ತಾಳ. ಎದಿಯೊಳಗ ದುಃಖ ಕುಂತ್ರ ಹುಚ್ಚು ಹಿಡೀತದ. ಇಕಿನ್ನ ಹಿಡ್ಕೋರಿ, ಅಳಸ್ರಿ." ಎಂದವಳೇ ತೋಳು ಚಾಚಿ ಮೂಲೆಯ ಕಡೆ ನಡೆದಳು. ಅವಳ ಹಿಂದೆ ಇನ್ನೂ ಇಬ್ಬರು ಎದ್ದರು.

ಗೆಳತಿಯ ಕೈಗಳು ತೊಡೆಯ ಕೆಳಗಿನಿಂದ ಹೊರಬಂದವು. ಯೋಚಿಸಲು ಪುರಸೊತ್ತಿರಲಿಲ್ಲ. ನಾನು ನಡುವೆ ನುಗ್ಗಿ ಚಿಕ್ಕವ್ವನ ಕೊರಳಿಗೆ ನಾನೇ ಬಿದ್ದೆ. ಅವಳು ನನ್ನನ್ನು ಅಪ್ಪಿ ಹಿಡಿದು ಗೊಳೋ ಎಂದಳು. ಬೆವರು, ವಿಭೂತಿ, ತಲೆಗೆ ಹಚ್ಚಿದ ಎಣ್ಣೆಯ ವಾಸನೆ. ಅವಳು ಬಿಟ್ಟರೆ ಇನ್ನೊಬ್ಬಳು, ಇನ್ನೊಬ್ಬಳ ನಂತರ ಮತ್ತೊಬ್ಬಳು. ಬಳೆಗಳು ಬೆನ್ನಿಗೆ ಒತ್ತುತ್ತಿದ್ದವು, ಕಿವಿಯ ಹತ್ತಿರವೇ ಕೂಗು. ಅವಳನ್ನು ಮುಟ್ಟದಿದ್ದರೆ ಸಾಕು, ಅವಳನ್ನು ಮುಟ್ಟದಿದ್ದರೆ ಸಾಕು ಎಂದುಕೊಳ್ಳುತ್ತಲೇ ಇದ್ದೆ. ಆಮೇಲೆ ಫ್ಯಾನಿನ ಕಟಕಟ ಒಂದೇ ಉಳಿಯಿತು. ಅದು ನನ್ನ ತಲೆಬುರುಡೆಯೊಳಗೇ ತಿರುಗತೊಡಗಿತು.

ಕಿರುಚಿದವಳು ನಾನು. ನೆಲಕ್ಕೆ ಕುಕ್ಕರಿಸಿ, ಕಿವಿ ಮುಚ್ಚಿಕೊಂಡು, ಬಿಡ್ರಿ ಬಿಡ್ರಿ ಎಂದು ಚೀರಿದೆ. ನಲವತ್ತು ದಾಟಿದ ಟೀಚರು, ಹತ್ತು ಮಂದಿಯ ನಡುವೆ ಮೂಗು ಬಾಯಿ ಒಂದಾಗಿ ಅಳುತ್ತಿದ್ದೆ. ನಾಚಿಕೆಯಿಂದ ಅಲ್ಲೇ ಸತ್ತುಹೋಗಬೇಕು ಎನ್ನಿಸಿತು.

"ಎಲ್ಲಾರೂ ಹೊರಗ ನಡೀರಿ." ಗೆಳತಿಯ ದನಿ. ಶಾಲೆಯಲ್ಲಿ ಮಕ್ಕಳಿಗೆ ಹೇಳುವ ದನಿ ಅದು. "ಚಿಕ್ಕವ್ವಾ, ನೀವೂ ನಡೀರಿ. ಫ್ಯಾನ್ ಬಂದ್ ಮಾಡ್ರಿ. ಅಕಿಗಿ ಯಾರೂ ಮುಟ್ಟಬ್ಯಾಡ್ರಿ."

ಹೆಂಗಸರು ಗಾಬರಿಯಲ್ಲಿ ಅಂಗಳಕ್ಕಿಳಿದರು. ಅವಳು ಬಾಗಿಲು ಹಾಕಿ, ನನ್ನಿಂದ ಒಂದು ತೋಳಿನಷ್ಟು ದೂರದಲ್ಲಿ ಕೂತಳು. ಸಮಾಧಾನ ಮಾಡಲಿಲ್ಲ, ಅಳಬೇಡ ಎನ್ನಲಿಲ್ಲ. "ಬಾಗಲಾ ಹಾಕೀನಿ. ಈಗ ಯಾರೂ ಬರಂಗಿಲ್ಲ" ಎಂದಷ್ಟೇ ಹೇಳಿದಳು. ಟ್ಯಾಂಕರಿನ ನೀರು ಒಂದು ಲೋಟ ತಂದು, ಕೈಗೆ ಕೊಡದೆ, ನನಗೆ ಎಟಕುವ ಕಡೆ ನೆಲದ ಮೇಲಿಟ್ಟಳು. ನನ್ನ ಉಸಿರು ಹದಕ್ಕೆ ಬರುವವರೆಗೂ ಹಾಗೇ ಕೂತಿದ್ದಳು. ಈ ಜಗತ್ತಿನಲ್ಲಿ ನನ್ನನ್ನು ಅಷ್ಟು ಚೆನ್ನಾಗಿ ನೋಡಿಕೊಂಡವರು ಇನ್ನೊಬ್ಬರಿಲ್ಲ.

ಕಣ್ಣು ಒರೆಸಿ ನೋಡಿದರೆ, ನನ್ನ ಚೀರಾಟ ಕೇಳಿ ಓಡಿಬಂದಿದ್ದ ಅವಳ ಅಣ್ಣ ಒಳಗೇ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಎಲ್ಲವನ್ನೂ ನೋಡಿದ್ದ. ಈಗ ತಂಗಿಗೆ ಕೇಳಿದ.

"ಇಷ್ಟೆಲ್ಲ ತಿಳೀತದ ನಿನಗ. ಮತ್ತ ಅವ್ವಗ ಯಾಕ ಅಳವಲ್ಲಿ?"

"ಊಟ ಇಳೀವಲ್ದು" ಎಂದಳು ಗೆಳತಿ. "ಹೊಟ್ಟಿಯೊಳಗ ಯಾರೋ ಮುಷ್ಟಿ ಬಿಗಿದು ಹಿಡಿದಂಗ ಆಗ್ತದ. ಮುಂಜಾನಿ ಎದ್ರ ಅವ್ವನ ಹೊರಸಿನ ಕಡಿ ನೋಡಲಿಕ್ಕಿ ಆಗವಲ್ದು. ಅದಕ್ಕ ಅಳು ಅಂತಾರೇನು, ನನಗ ಗೊತ್ತಿಲ್ಲ. ನೀವೆಲ್ಲಾರೂ ಅಳು ಅಳು ಅಂದ್ರಿ. ಹ್ಯಾಂಗ ಆಗ್ಲಕತ್ತದ ಅಂತ ಒಬ್ಬರೂ ಕೇಳಲಿಲ್ಲ."

"ಒಬ್ಬಾಕಿನೇ ಇಲ್ಲಿ ಇರ್ತೀಯೇನು?"

"ಇರ್ತೇನಿ. ಅಂಜಿಕಿ ಬರ್ತದ."

ನಾನು ಹಣೆ ಬಡಿದುಕೊಳ್ಳುವುದೊಂದು ಬಾಕಿ. ಇರ್ತೇನಿ ಎಂದು ನಿಲ್ಲಿಸಬಾರದಿತ್ತೇ? ಗೆದ್ದ ಮೊಕದ್ದಮೆಯನ್ನು ತಾನೇ ಕೆಡಿಸಿದ್ದಳು. ಅಣ್ಣನ ಮುಖ ಬಿಗಿಯಿತು. "ಅಂಜಿಕಿ ಬರ್ತದಂದ್ರ ನನ್ನ ಜೋಡಿ ನಡಿ."

"ಅಲ್ಲಿ ಇನ್ನೂ ಹೆಚ್ಚು ಅಂಜಿಕಿ ಬರ್ತದ. ಇಲ್ಲಿ ಬಂದ್ರ ಬಾಗಲಾ ಹಾಕ್ಕೋತೇನಿ. ಅಲ್ಲಿ ಬಾಗಲಾ ಎಲ್ಲದ?"

ನಾನು ಬಾಯಿ ಹಾಕಿದೆ. ವಾರಕ್ಕೊಮ್ಮೆ ಬಂದು ಹೋಗುತ್ತೇನೆ, ಮೈಲೂರಿಗೆ ಬಾ ಎಂದು ಕರೆಯಲು ನನಗೂ ಹೆದರಿಕೆಯಾಗುತ್ತದೆ, ಒಂದೇ ಮನೆಯಲ್ಲಿ ಇನ್ನೊಬ್ಬರ ಜೊತೆ ಇದ್ದು ಗೊತ್ತಿಲ್ಲ ಎಂದೆ. ಗೆಳತಿ "ಗೊತ್ತದ, ವಾರಕ್ಕೊಮ್ಮೆ ಸಾಕು" ಎಂದಳು. ಅಣ್ಣ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದ. ಆಮೇಲೆ ಹಾಗೇ ಬಾಗಿಲಿಗೆ ಒರಗಿ ನೆಲಕ್ಕೆ ಜಾರಿದ.

"ನನಗೂ ಯಾರೂ ಕೇಳಿಲ್ಲವ್ವಾ" ಎಂದವನೇ ಮುಖ ಮುಚ್ಚಿಕೊಂಡ. ಹೆಣ ಹೊತ್ತವನು, ಕುಣಿ ತೋಡಿಸಿದವನು, ಬಂದವರಿಗೆಲ್ಲ ಚಹಾ ನೀರು ನೋಡಿದವನು. ಅವನಿಗೆ ಅಳು ಎಂದವರೂ ಇರಲಿಲ್ಲ. ದೊಡ್ಡ ಗಂಡಸು, ದನಿಯೇ ಇಲ್ಲದೆ ಅಳುತ್ತಿದ್ದ, ಭುಜ ಮಾತ್ರ ಕುಲುಕುತ್ತಿತ್ತು.

ಗೆಳತಿ ನನ್ನ ಕಡೆ ತಿರುಗಿದಳು. "ಈಗ ನಾ ಏನು ಮಾಡಬೇಕು?"

"ನನಗೂ ಗೊತ್ತಿಲ್ಲ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಅವಳು ಎದ್ದು ಹೋಗಿ ಅವನ ಮುಂದೆ ಕೂತಳು. "ಅಣ್ಣಾ, ನಿನ್ನ ಮುಟ್ಲೇನು?"

ಹುಟ್ಟಿದಾಗಿನಿಂದ ಅವನನ್ನು ಯಾರೂ ಹಾಗೆ ಕೇಳಿರಲಿಕ್ಕಿಲ್ಲ. ತಲೆಯೆತ್ತಿ ನೋಡಿ, ಹೂಂ ಎಂದ. ಕಾದಿದೆಯೋ ಇಲ್ಲವೋ ಎಂದು ತವೆ ಮುಟ್ಟಿ ನೋಡುವವಳ ಹಾಗೆ ಅವಳು ಅವನ ತಲೆಯ ಮೇಲೆ ಅಂಗೈಯಿಟ್ಟಳು, ತೆಗೆಯಲಿಲ್ಲ. ಅಷ್ಟು ವರ್ಷದಲ್ಲಿ ಅವಳು ತಾನಾಗಿ ಯಾರನ್ನಾದರೂ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಅವನು ಸುಧಾರಿಸಿಕೊಂಡು ಕೇಳಿದ. "ನಾ ಹೋದ ಮ್ಯಾಲ ಅಂಜಿಕಿ ಬಂದ್ರ?"

"ಅಂಜಿಕಿ ಬಂದದ ಅಂತ ಫೋನ್ ಮಾಡಿ ಹೇಳ್ತೇನಿ. ನಿನಗ ಬಂದ್ರ ನೀನೂ ಮಾಡು."

ಕಾರ್ಯ ಮುಗಿಸಿ ಅವನು ಒಬ್ಬನೇ ಹೈದರಾಬಾದಿನ ಬಸ್ಸು ಹತ್ತಿದ. ಮೊದಲು ಫೋನು ಮಾಡಿದವನು ಅವನೇ, ಬಸ್ಸು ಅರ್ಧ ದಾರಿಯ ಜಹೀರಾಬಾದ್ ದಾಟುವ ಮೊದಲೇ.