ಸಾಕು ಎನ್ನುವ ಹಾರ್ಮೋನು

ಪಟಾನ್‌ಚೆರುವಿನ ಪ್ರಯೋಗಾಲಯದಲ್ಲಿ ನಾನು ಮಾಡುವ ಕೆಲಸವನ್ನು ಅವ್ವನಿಗೆ ವಿವರಿಸಲು ಹೋಗಿ ಹಲವು ಸಲ ಸೋತಿದ್ದೇನೆ. ಉಂಡ ಮೇಲೆ ಕರುಳಿನಿಂದ ಒಂದು ಹಾರ್ಮೋನು ಹೊರಟು, ಇನ್ನು ಸಾಕು ಎಂದು ಮಿದುಳಿಗೆ ತಿಳಿಸುತ್ತದೆ. ಮೈಯಲ್ಲಿ ಅದು ಕೆಲವೇ ನಿಮಿಷ ಬಾಳುತ್ತದೆ. ಅದರಂಥದ್ದೇ ಒಂದನ್ನು ಕಟ್ಟಿ, ವಾರವಿಡೀ ರಕ್ತದಲ್ಲಿ ಉಳಿಯುವಂತೆ ಮಾಡುವುದು ನಮ್ಮ ತಂಡದ ಕೆಲಸ. ಕಟ್ಟುವುದಕ್ಕಿಂತ ಶುದ್ಧ ಮಾಡುವುದೇ ದೊಡ್ಡ ತಲೆನೋವು. ಸರಪಳಿಯಂಥ ಆ ಅಣುವಿನಲ್ಲಿ ಒಂದು ಕೊಂಡಿ ತಪ್ಪಿದ್ದು ಸರಿಯಾದದ್ದರ ಜೊತೆ ಬೆರೆತೇ ಇರುತ್ತದೆ, ಬೇರ್ಪಡಿಸುವಷ್ಟರಲ್ಲಿ ಹೈರಾಣಾಗುತ್ತೇವೆ.

ಎಲ್ಲ ಕೇಳಿದ ಅವ್ವ, "ಊಟ ಬ್ಯಾಡ ಅನ್ನಿಸಾಕ ಔಷಧ ಯಾಕಪ? ಜ್ವರ ಬಂದ್ರ ಪುಕ್ಕಟ ಅನ್ನಸ್ತೈತಲ್ಲ" ಎಂದಿದ್ದಳು.

ನಮ್ಮದು ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಅದೇ ಬಗೆಯ, ಆಗಲೇ ಮಾರುಕಟ್ಟೆಗೆ ಬಂದಿದ್ದ ಇಂಜೆಕ್ಷನ್ನನ್ನು ಡಾಕ್ಟರು ಅವ್ವನಿಗೇ ಬರೆದುಕೊಟ್ಟರು. ಸಕ್ಕರೆ ಕಾಯಿಲೆ ಹಳೆಯದು, ಮೊಣಕಾಲು ಸವೆದಿದ್ದವು. ತೂಕ ಇಳಿಯದೆ ಆಪರೇಷನ್ ಇಲ್ಲವೆಂದು ಮೂಳೆ ಡಾಕ್ಟರು ಖಡಾಖಂಡಿತ ಹೇಳಿದ್ದರು. ಕೋಠಿ ಪೇಟೆಯ ಸಂದಿಗಳಲ್ಲಿ ಸೀರೆ ಅಂಗಡಿ ಸುತ್ತುವುದೆಂದರೆ ಅವ್ವನಿಗೆ ಜೀವ. ಅದು ನಿಂತು ಎಷ್ಟೋ ಕಾಲವಾಗಿತ್ತು.

ತೂಕ ಇಳಿಯತೊಡಗಿದಾಗ ವಿಜಯಪುರದಿಂದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಬಂದಳು. ನಮ್ಮ ಮಂದಿಯಲ್ಲಿ ಉಣ್ಣುವವರು ಬೇಡ ಎಂದಾಗ ಅದನ್ನು ನಂಬುವುದೆಂದರೆ ಅವರಿಗೆ ಅವಮಾನ ಮಾಡಿದ ಹಾಗೆ. ತಾಟಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಬೀಳುತ್ತದೆ. ದೊಡ್ಡವ್ವನದು ಅದರಲ್ಲಿ ಪಳಗಿದ ಕೈ. ಹೋಳಿಗೆ ಮಾಡಿ ಒಂದು ಹಾಕಿದಳು, ಅದರ ಮೇಲೊಂದು ಹಾಕಿದಳು. ಅಕ್ಕನ ಮಾತು ಮೀರಲಾರದೆ ಅವ್ವ ತಿಂದಳು, ಸಂಜೆಯತನಕ ವಾಂತಿ. ನನಗೆ ಮೈಯೆಲ್ಲ ಉರಿಯಿತು. ಈ ಔಷಧ ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ, ತುರುಕಿದರೆ ಹೊರಗೇ ಬರುವುದು ಎಂದು ಬಿಡಿಸಿ ಹೇಳಿದೆ.

"ಉಂಡದ್ದು ಹೊರಗ ಹಾಕಸೂದು ಔಷಧ ಅಲ್ಲ, ವಿಷ. ಆ ಸೂಜಿ ಬಿಡು" ಎಂದು ದೊಡ್ಡವ್ವ ತಂಗಿಗೇ ಹೇಳಿದಳು. ಅಕ್ಕ ಹೇಳಿದ್ದನ್ನು ಅವ್ವ ಎಂದೂ ತೆಗೆದುಹಾಕಿದವಳಲ್ಲ. ಮರುದಿನವೇ ಇಂಜೆಕ್ಷನ್ನಿನ ದಿನ. ಬಿಟ್ಟೇಬಿಡುತ್ತಾಳೆಂದು ನನಗೆ ಹೆದರಿಕೆಯಾಯಿತು.

ಬೆಳಿಗ್ಗೆ ಅವ್ವ ಫ್ರಿಜ್ ತೆಗೆದು, ಸೂಜಿಯನ್ನು ತಾನೇ ಚುಚ್ಚಿಕೊಂಡಳು. ಮಧ್ಯಾಹ್ನ ಅರ್ಧ ರೊಟ್ಟಿ ಉಂಡು ನಿಲ್ಲಿಸಿದಳು. ಉಳಿದಿದ್ದ ಹೋಳಿಗೆ ಹಿಡಿದು ದೊಡ್ಡವ್ವ ನಿಂತೇ ಇದ್ದಳು. ಕಣ್ಣು ತುಂಬಿತ್ತು.

"ಹಂಗಾರ ನಾ ನಿನಗ ಇನ್ನ ಏನ್ ಕೊಡ್ಲಿ?" ಎಂದಳು. ನನ್ನ ಸಿಟ್ಟೆಲ್ಲ ಇಳಿದು ಸಂಕಟವಾಯಿತು.

ಅವ್ವ ಅವಳನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ಸಣ್ಣವ್ರಿದ್ದಾಗ ನಿನ್ನ ಪಾಲಿನ ರೊಟ್ಟಿ ನನ್ನ ತಾಟಿಗೆ ಹಾಕಿ, ಹೊಟ್ಟಿ ತುಂಬೇತಿ ಅಂತಿದ್ದಿ. ಸುಳ್ಳಂತ ನನಗ ಗೊತ್ತಿತ್ತು. ಆದ್ರೂ ಉಂಡೀನಿ" ಎಂದು, ಆ ಹೋಳಿಗೆಯನ್ನು ಅಕ್ಕನ ತಾಟಿಗೆ ಹಾಕಿದಳು. "ಈಗ ನನ್ನ ಹೊಟ್ಟಿ ಖರೇನ ತುಂಬೇತಿ ಅಕ್ಕಾ. ನೀ ಉಣ್ಣು."