ನೀಲಿ ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತ ಬೆಳಿಗ್ಗೆ

ಒಲೆ ಹೊತ್ತಿಸಬಲ್ಲವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಹೊತ್ತಿದ ಜ್ವಾಲೆಯ ಬಣ್ಣ ನೋಡಿ ಅದರ ಕಷ್ಟಸುಖ ವಿಚಾರಿಸಬಲ್ಲವರು ವಿರಳ. ಗ್ಯಾಸಿನ ಒಲೆ, ಓವನ್ನು, ಗೀಸರುಗಳ ದುರಸ್ತಿಯನ್ನೂ ಒಂದು ವಿದ್ಯೆಯೆಂದು ಗೌರವಿಸಿ, ನಮ್ಮ ತರಬೇತಿ ಕೇಂದ್ರದಲ್ಲಿ ಆ ವಿಭಾಗವನ್ನು ಕಟ್ಟಿ ಬೆಳೆಸಿ, ಈಗ ನಿವೃತ್ತರಾಗುತ್ತಿರುವ ನೀಲಿ ಮೇಷ್ಟ್ರು ಆ ವಿರಳರ ಸಾಲಿಗೆ ಸೇರಿದವರು. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರುಂಟು. ಆ ಹೆಸರಿನಿಂದ ಕರೆದರೆ ಅವರೇ ಹಿಂತಿರುಗಿ ಯಾರನ್ನೋ ಹುಡುಕುತ್ತಾರೆ. ಜ್ವಾಲೆ ನೀಲಿಯಾಗುವ ತನಕ ಊಟಕ್ಕೆ ಏಳದ ಮನುಷ್ಯನಿಗೆ ವಿದ್ಯಾರ್ಥಿಗಳು ಇಟ್ಟ ಹೆಸರೇ ಕಡೆಗೂ ಗಟ್ಟಿಯಾಯಿತು.

ಅವರು ಸಹಾಯಕ ಬೋಧಕರಾಗಿ ಬಂದಾಗ ತಲೆತುಂಬ ಕಪ್ಪು ಕೂದಲಿತ್ತು, ವಿಭಾಗಕ್ಕೆ ಮಾತ್ರ ನೆಟ್ಟಗೊಂದು ಸೂರಿರಲಿಲ್ಲ. ಸೈಕಲ್ ಸ್ಟ್ಯಾಂಡಿನ ಪಕ್ಕದ ತಗಡಿನ ಶೆಡ್ಡು, ಕುಂಟುವ ಮೇಜು, ಯಾರೋ ಬೇಡವೆಂದು ದಾನ ಕೊಟ್ಟ ಒಲೆಗಳು, ಇಷ್ಟೇ ಆಸ್ತಿ. ಕಡ್ಡಿ ಗೀರಲು ಹೆದರುವ ವಿದ್ಯಾರ್ಥಿಗಳ ಬೆನ್ನ ಹಿಂದೆ ನಿಂತು, "ನಾನಿಲ್ಲೇ ಇದ್ದೀನಿ, ಗೀರು. ಹುಬ್ಬು ಹೋದ್ರೆ ನಂದೂ ನಿನ್ನ ಜೊತೆಗೇ ಹೋಗುತ್ತೆ" ಎನ್ನುತ್ತಿದ್ದರು. ಸಹೋದ್ಯೋಗಿಗಳ ಮನೆಗೆ ಕಾಫಿಗೆ ಬಂದರೆ ಮೊದಲು ಅಡುಗೆಮನೆಗೆ ಹೋಗಿ ಒಲೆಯನ್ನು ಮಾತಾಡಿಸಿ, ಆಮೇಲೆ ಮನೆಯವರ ಯೋಗಕ್ಷೇಮ ಕೇಳುತ್ತಿದ್ದರು. ಇದಕ್ಕೆ ಯಾವ ಮನೆಯವರೂ ಬೇಸರಪಟ್ಟದ್ದಿಲ್ಲ.

ಆದರೆ ಮೇಷ್ಟ್ರ ವಿಷಯ ಹೇಳಲು ನಮಗೆಲ್ಲರಿಗಿಂತ ಹೆಚ್ಚು ಹಕ್ಕಿರುವುದು ನಮ್ಮ ಕ್ಯಾಂಟೀನಿನ ಅಕ್ಕನಿಗೆ. ಅತ್ತೆಯಿಂದ ಬಂದ ಕ್ಯಾಂಟೀನು, ಅತ್ತೆಯ ಕೈಕೆಳಗೆ ಕಲಿತ ಬನ್ನು, ಅತ್ತೆಯ ಕಾಲದ ಗ್ಯಾಸ್ ಓವನ್ನು. ಈ ಮೂರನ್ನೂ ಆಕೆ ಕಣ್ಣಿನಂತೆ ಕಾಪಾಡಿಕೊಂಡು ಬಂದವರು. ಒಂದು ವರ್ಷ ಆ ಓವನ್ನಿಗೆ ಏನೋ ಬಡಿಯಿತು. ಜ್ವಾಲೆ ನೀಲಿ ಬಿಟ್ಟು ಹಳದಿಗೆ ತಿರುಗಿ, ನಿದ್ದೆಗಣ್ಣಿನಲ್ಲಿ ತೂಗಾಡತೊಡಗಿತು. ಒಳಗೋಡೆಗೆ ಮಸಿ ಹಿಡಿಯಿತು. ಬನ್ನು ನೆತ್ತಿಯಲ್ಲಿ ಬಿಳಚಿಕೊಂಡು, ತಳದಲ್ಲಿ ಕಪ್ಪಾಗಿ ಹೊರಬರತೊಡಗಿತು. ಬೆರಳಿಗೆ ಅಂಟಿದ ಮಸಿಯನ್ನು ಕರವಸ್ತ್ರಕ್ಕೆ ಒರೆಸಿಕೊಂಡ ಕೇಂದ್ರದ ಸೂಪರಿಂಟೆಂಡೆಂಟರು ಎಲ್ಲರ ಎದುರಿಗೇ ಕೇಳಿದರು: "ಏನಮ್ಮಾ, ಇದು ಬನ್ನೋ, ಬೂಟ್ ಪಾಲಿಶ್ಶೋ?"

ತಿಂಗಳ ಕೊನೆಗೆ ಓವನ್ನು ಗುಜರಿಗೆ, ಬನ್ನು ಹೊರಗಿನಿಂದ ಎಂದು ತೀರ್ಮಾನವಾಯಿತು. ಮೇಷ್ಟ್ರು ಒಮ್ಮೆ ನೋಡಿ, ದುರಸ್ತಿಯಾಗದು ಎಂದುಬಿಟ್ಟರೆ ಮುಗಿಯಿತು.

"ಬರೀ ಟೀ ಕಾಯಿಸೋಕೆ ನಾನ್ಯಾಕೆ ಬೇಕು ಮೇಷ್ಟ್ರೇ? ಒಂದು ನಲ್ಲಿ ಹಾಕಿಸಿದ್ರೆ ಸಾಕು" ಎಂದು ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮೇಷ್ಟ್ರು ಓವನ್ನಿಗೆ ಕೈ ಹಚ್ಚುವ ಮುಂಚೆ ಕಿಟಕಿ ತೆರೆದರು. "ಮಧ್ಯಾಹ್ನದ ಹೊತ್ತಿಗೆ ತಲೆ ಭಾರ ಆಗುತ್ತಾ ಅಕ್ಕ?"

"ಆಗುತ್ತೆ. ಸೂಪರಿಂಟೆಂಡೆಂಟ್ ಸಾಹೇಬ್ರು ಬಂದ ದಿನ ಇನ್ನೂ ಜಾಸ್ತಿ."

"ಅವರ ರಿಪೇರಿ ನನ್ನ ಕೈಲಿ ಆಗಲ್ಲ. ಆದ್ರೆ ಈ ಹಳದಿ ಜ್ವಾಲೆಯ ಹೊಗೆ ಒಳ್ಳೇದಲ್ಲ, ಕಿಟಕಿ ಮುಚ್ಚಲೇಬೇಡಿ."

ಗ್ಯಾಸು ಬಂದ್ ಮಾಡಿ, ಓವನ್ನು ಆರುವವರೆಗೆ ಕಾದು, ಬರ್ನರು ಕಳಚಿ, ಅದರ ತೂತುಗಳನ್ನೆಲ್ಲ ಬ್ರಷ್ಷಿನಿಂದ ಉಜ್ಜಿದರು. ಗ್ಯಾಸು ಚಿಮ್ಮುವ ಜೆಟ್ಟು ಪರೀಕ್ಷಿಸಿದರು, ಗಾಳಿ ಬೆರೆಯುವ ಕಿಂಡಿಯನ್ನು ಸರಿಹೊಂದಿಸಿದರು, ಹೊಗೆ ಕೊಳವೆಯ ಕಸ ತೆಗೆದರು. ಹೊತ್ತಿಸಿದರೆ ಅಚ್ಚ ನೀಲಿ ಜ್ವಾಲೆ! ಅಕ್ಕ ಅಂದು ಎಲ್ಲರಿಗೂ ಸಕ್ಕರೆ ಹೆಚ್ಚು ಹಾಕಿದ ಟೀ ಕೊಟ್ಟರು.

ಮರುದಿನ ಬೆಳಿಗ್ಗೆ ಮತ್ತೆ ಹಳದಿ, ಮತ್ತೆ ಮಸಿ.

"ಮೇಷ್ಟ್ರೇ, ನಿಮ್ಮ ನೀಲಿ ಹೇಳದೆ ಕೇಳದೆ ಊರು ಬಿಟ್ಟು ಹೋಯ್ತು" ಎಂದು ಅಕ್ಕನೇ ಬಂದು ಕರೆದರು. ಮೇಷ್ಟ್ರು ಮತ್ತೆ ಎಲ್ಲವನ್ನೂ ಕಳಚಿ ಜೋಡಿಸಿದರು. ಮತ್ತೆ ನೀಲಿ, ಅದರ ಮರುದಿನ ಮತ್ತೆ ಹಳದಿ. ಸಿಬ್ಬಂದಿ ಕೊಠಡಿಯಲ್ಲಿ ಹಳದಿ ಮೇಷ್ಟ್ರು ಎಂಬ ಹೊಸ ಹೆಸರು ಚಲಾವಣೆಗೆ ಬಂತು. ಗುಜರಿಯವನು ಬಂದು ಓವನ್ನಿನ ಸುತ್ತಳತೆ ನೋಡಿಕೊಂಡು ಹೋದ.

ಮೂರನೆಯ ಬಾರಿ ಮೇಷ್ಟ್ರು ಸಲಕರಣೆಯ ಪೆಟ್ಟಿಗೆ ತರಲಿಲ್ಲ. ಹೇಳಿಕಳಿಸದೆ, ಅಕ್ಕ ಬಾಗಿಲು ತೆರೆಯುವ ಹೊತ್ತಿಗೇ ಬಂದು, ಮೂಲೆಯ ಸ್ಟೂಲಿನ ಮೇಲೆ ಕುಳಿತರು.

"ಅಯ್ಯೋ, ಹೇಳಿ ಬರಬಾರದಾ? ಇನ್ನೂ ಒಂದೂ ಒರೆಸಿಲ್ಲ, ಎತ್ತಿಟ್ಟಿಲ್ಲ..."

"ಇದ್ದ ಹಾಗೇ ಇರ್ಲಿ ಅಕ್ಕ. ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ. ನಾನಿಲ್ಲ ಅಂದ್ಕೊಳ್ಳಿ."

"ಇಷ್ಟು ದಪ್ಪ ಇದ್ದೀರಿ, ಇಲ್ಲ ಅಂತ ಹೇಗೆ ಅಂದ್ಕೊಳ್ಳಲಿ?" ಎಂದು ಗೊಣಗುತ್ತಲೇ ಅಕ್ಕ ಕೆಲಸ ಶುರು ಮಾಡಿದರು. ಹಿಟ್ಟು ನಾದಿದರು. ಉಂಡೆ ಕಟ್ಟಿದರು. ಓವನ್ನಿನ ಒಳಗೆ ಒದ್ದೆಬಟ್ಟೆ ಆಡಿಸಿದರು. ಆಮೇಲೆ ಕಪಾಟಿನಿಂದ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಹಾಳೆಯ ಸುರುಳಿ ತೆಗೆದು, ಓವನ್ನಿನ ತಳದ ಉದ್ದಗಲಕ್ಕೂ ಹಾಸಿ, ಮಗುವಿನ ಹಾಸಿಗೆಗೆ ದುಪ್ಪಟಿ ಸಿಕ್ಕಿಸುವಂತೆ ನಾಲ್ಕೂ ಅಂಚುಗಳನ್ನು ಒತ್ತಿ ಒತ್ತಿ ಸಿಕ್ಕಿಸಿದರು.

ಮೇಷ್ಟ್ರು ಸ್ಟೂಲಿನಿಂದ ಎದ್ದರು. "ಇದು ಯಾವಾಗಿನಿಂದ?"

"ಅದೇ, ಆಚೆ ತಿಂಗಳು ತಳದಲ್ಲಿ ಕಲೆ ಆಗಿದೆ ಅಂತ ಸಾಹೇಬ್ರು ಬೈದ್ರಲ್ಲ, ಅವತ್ತಿನಿಂದ. ನೋಡಿ, ಕನ್ನಡಿ ಹಾಗೆ ಇರುತ್ತೆ."

"ನಾನು ಬಂದಾಗ ಇದು ಇರಲಿಲ್ಲ."

"ನೀವು ಬರ್ತೀರಿ ಅಂತ ಗೊತ್ತಾದ ತಕ್ಷಣ ತೆಗೆದುಬಿಡ್ತಿದ್ದೆ. ಮಸಿ ಹಿಡಿದ ಹಾಳೆ ಮೇಷ್ಟ್ರ ಕಣ್ಣಿಗೆ ಬಿದ್ರೆ ಏನು ಚೆನ್ನ?"

ಮೇಷ್ಟ್ರು ಹಾಳೆಯನ್ನು ಮೆಲ್ಲನೆ ಮಡಚಿ, ತಳದ ತಗಡಿನ ಅಂಚಿನಲ್ಲಿದ್ದ ಸೀಳುಗಳನ್ನು ಬೆರಳಿಟ್ಟು ತೋರಿಸಿದರು. ಕೆಳಗೆ ಉರಿಯುವ ಬರ್ನರಿನ ಬಿಸಿಯೂ ಹೊಗೆಯೂ ಮೇಲೇರಬೇಕಾದ ದಾರಿ ಅದು. ದಾರಿ ಕಟ್ಟಿದರೆ ಕೆಳಗಿನ ಜ್ವಾಲೆಗೆ ಹೊಸ ಗಾಳಿ ದಕ್ಕದೆ ಅದು ಮಸಿ ಕಾರುತ್ತದೆ.

ಅಕ್ಕ ಸೀಳುಗಳನ್ನೇ ನೋಡುತ್ತ ನಿಂತರು. "ಹಾಗಾದ್ರೆ ಇಷ್ಟು ದಿನ ನಾನೇ ಅದರ ಮೂಗು ಮುಚ್ಚಿ ಹಿಡಿದಿದ್ನಾ?"

"ನಾನೂ ಓವನ್ನು ಮಾತ್ರ ನೋಡಿದೆ ಅಕ್ಕ, ನಿಮ್ಮ ಕೆಲಸ ನೋಡಲಿಲ್ಲ."

ಆ ಮಧ್ಯಾಹ್ನ ಸೂಪರಿಂಟೆಂಡೆಂಟರ ಮುಂದೆ ಮೇಷ್ಟ್ರು ಹೇಳಿದ್ದು ಇಷ್ಟು: "ಗಾಳಿಯ ದಾರಿ ಮುಚ್ಚಿತ್ತು. ಎರಡು ಸಲ ನನ್ನ ಗಮನಕ್ಕೆ ಬರಲಿಲ್ಲ. ಓವನ್ನು ಗಟ್ಟಿಯಾಗಿದೆ." ಹಾಳೆಯ ಮಾತು ಅವರ ಬಾಯಿಂದ ಬರಲಿಲ್ಲ. ಅಷ್ಟರಲ್ಲಿ ಬಾಗಿಲ ಬಳಿಯಿಂದ ಅಕ್ಕ, "ಮುಚ್ಚಿದವಳು ನಾನೇ ಸಾರ್. ಕಲೆ ಕಂಡ್ರೆ ನೀವು ಬೈತೀರಿ ಅಂತ" ಎಂದುಬಿಟ್ಟರು. ಸೂಪರಿಂಟೆಂಡೆಂಟರು ಅವರನ್ನೂ ಇವರನ್ನೂ ನೋಡಿ, ತಟ್ಟೆಯಲ್ಲಿದ್ದ ಹೊಂಬಣ್ಣದ ಬನ್ನು ಮುರಿದು ಬಾಯಿಗೆ ಹಾಕಿಕೊಂಡರು. ಗುಜರಿಯವನು ಮತ್ತೆ ಬರಲಿಲ್ಲ.

ಆ ವರ್ಷದಿಂದ ನಮ್ಮ ದುರಸ್ತಿ ವಿಭಾಗದ ಮೊದಲ ಪಾಠ ಬದಲಾಯಿತು. ಸ್ಪ್ಯಾನರ್ ಹಿಡಿಯುವ ಮುಂಚೆ ವಿದ್ಯಾರ್ಥಿಗಳು ಯಾರದಾದರೂ ಅಡುಗೆಮನೆಯ ಮೂಲೆಯಲ್ಲಿ ಸುಮ್ಮನೆ ಕುಳಿತು ಬರಬೇಕು. ಆ ಪಾಠ ಕಲಿತವರು ಇಂದು ಎಲ್ಲೆಲ್ಲೋ ಹೋಗಿ ಯಾರ ಯಾರದೋ ಒಲೆಗಳ ಮುಂದೆ ಬಾಗಿ ನಿಂತಿದ್ದಾರೆ.

ಬೀಳ್ಕೊಡುಗೆಯ ಸಿದ್ಧತೆಗೆಂದು ಈ ವಾರ ಇಡೀ ಕೇಂದ್ರಕ್ಕೆ ಸುಣ್ಣಬಣ್ಣವಾಯಿತು. ಮೆಟ್ಟಿಲುಗಳನ್ನು ತೊಳೆದರು, ಹಳೆಯ ಶೆಡ್ಡಿಗೂ ಬಣ್ಣ ಬಂತು. ಕ್ಯಾಂಟೀನಿನ ಒಳಗೆ ಮಾತ್ರ ಅಕ್ಕ ಯಾರನ್ನೂ ಬಿಟ್ಟುಕೊಂಡಿಲ್ಲ. ನಿನ್ನೆ ಮೇಷ್ಟ್ರು ಅಲ್ಲಿ ಕಾಲಿಟ್ಟಾಗ ಮೇಜಿನ ಮೇಲೆ ಹಿಟ್ಟು ಚೆಲ್ಲಿತ್ತು, ತಟ್ಟೆಗಳು ರಾಶಿ ಬಿದ್ದಿದ್ದವು, ಓವನ್ನಿನ ಬಾಗಿಲ ಮೇಲೆ ಅಕ್ಕನ ಹಿಟ್ಟಿನ ಕೈಗುರುತು ಹಾಗೇ ಇತ್ತು. ಕಿಟಕಿ ತೆರೆದಿತ್ತು. ಸ್ಟೂಲು ಮೂಲೆಯಲ್ಲಿತ್ತು.

"ನಿಮಗೋಸ್ಕರ ಅಂತ ಏನೂ ಒರೆಸಿಲ್ಲ ಮೇಷ್ಟ್ರೇ" ಎಂದರು ಅಕ್ಕ. "ಇದ್ದ ಹಾಗೇ ಇದೆ. ಕೂತ್ಕೊಳ್ಳಿ."

ಮೇಷ್ಟ್ರು ಕುಳಿತು, ಬಾಗಿ, ಜ್ವಾಲೆಯನ್ನು ಬಹಳ ಹೊತ್ತು ನೋಡಿದರು. ಅವರಿಗೆ ದೀರ್ಘಾಯುಷ್ಯವೂ, ಬಾಗಿ ನೋಡಲು ಸೊಂಟದಲ್ಲಿ ಬಲವೂ, ಮಾತಾಡಿಸಲು ಇನ್ನಷ್ಟು ಒಲೆಗಳೂ ದೊರೆಯಲಿ. ಆ ಸ್ಟೂಲನ್ನು ನಾವು ಯಾರೂ ಸರಿಸುವುದಿಲ್ಲ. ಅವರು ಹೇಳಿಕಳಿಸದೆಯೇ ಬರಲಿ.